ಸರಪಳಿಯ ತುದಿಯ ಕೋಲು: ಅದರ ವಿಜ್ಞಾನವೂ ಕಾನೂನೂ

ಬೆಳ್ತಂಗಡಿಗೆ ಸಮೀಪದ ಹಳ್ಳಿಯೊಂದರಲ್ಲಿ ನನ್ನ ಅಕ್ಕನ ಮನೆಯಿದೆ. ಕಳೆದ ಬೇಸಗೆಯ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ನಡೆದ ಸಣ್ಣದೊಂದು ಘಟನೆಯೇ ಈ ಲೇಖನಕ್ಕೆ ಕಾರಣ. ಸಂಜೆಯ ಹೊತ್ತು, ಒಣಹಾಕಿದ್ದ ಅಡಕೆಯನ್ನು ರಾಶಿಮಾಡಿ ಅಂಗಳದ ಒಂದು ಭಾಗವನ್ನು ತೆರವು ಮಾಡಿದ್ದರು. ಅಲ್ಲಿ ಅಕ್ಕನ ಮಗ, ಪದವಿಪೂರ್ವ ತರಗತಿಯ ವಿದ್ಯಾರ್ಥಿ, ತಾನೇ ಮಾಡಿದ ಸಾಧನವೊಂದನ್ನು ತಿರುಗಿಸುತ್ತಿದ್ದ. ಮುರಿದ ಹಾರೆಯ ಕಾವನ್ನು ಕೊಯ್ದು ಮಾಡಿದ ಒಂದೊಂದು ಅಡಿಯ ಎರಡು ಕೋಲುಗಳು. ಅವುಗಳ ನಡುವೆ ಹಳೆಯ ನಾಯಿಸರಪಳಿಯ ಒಂದು ತುಂಡು. ಚಲನಚಿತ್ರಗಳಲ್ಲಿ ಕಂಡ ‘ನುಂಚಾಕು’ ಎಂಬ ಆಯುಧದ ಅನುಕರಣೆ ಅದು.

ಇದ್ದಕ್ಕಿದ್ದಂತೆ ‘ಟಪ್’ ಎಂಬ ಸಣ್ಣ ಸದ್ದು. ಒಂದು ಕೋಲು ಹುಡುಗನ ಕೈಯಲ್ಲೇ ಉಳಿಯಿತು. ಇನ್ನೊಂದು ಗಾಳಿಯಲ್ಲಿ ಹಾರಿ ದನದ ಹಟ್ಟಿಯ ಮಾಡಿನ ಅಂಚಿಗೆ ಬಡಿದು ಹೆಂಚೊಂದನ್ನು ಒಡೆಯಿತು. ಅವನ ತಂಗಿ ಹಟ್ಟಿಯ ಬಾಗಿಲಿನಿಂದ ಮನೆಯೊಳಕ್ಕೆ ಹೋಗಿ ಒಂದು ನಿಮಿಷವೂ ಕಳೆದಿರಲಿಲ್ಲ. ಅಕ್ಕ ಏನೂ ಮಾತಾಡಲಿಲ್ಲ. ಉಳಿದ ಕೋಲನ್ನು ಮಗನ ಕೈಯಿಂದ ತೆಗೆದುಕೊಂಡು ಬಚ್ಚಲ ಒಲೆಗೆ ಹಾಕಿದಳು.

ರಾತ್ರಿ ಊಟವಾದ ಮೇಲೆ ಹುಡುಗ ಜಗಲಿಯಲ್ಲಿ ನನ್ನ ಬಳಿ ಬಂದು ಕುಳಿತ. “ಮಾವ, ಅದು ಅಷ್ಟು ದೂರ ಹೋದದ್ದು ಹೇಗೆ? ನಾಯಿ ಎಷ್ಟು ಎಳೆದರೂ ತುಂಡಾಗದ ಸರಪಳಿ ಅದು” ಎಂದ. ಸ್ವಲ್ಪ ಹೊತ್ತಿನ ಮೇಲೆ, ದನಿ ತಗ್ಗಿಸಿ, “ಅಂಥದನ್ನು ಮಾಡಿ ಇಟ್ಟುಕೊಳ್ಳುವುದು ಅಪರಾಧವೇ?” ಎಂದು ಕೇಳಿದ. ಮೊದಲ ಪ್ರಶ್ನೆ ಭೌತವಿಜ್ಞಾನದ್ದು, ಎರಡನೆಯದು ನ್ಯಾಯಶಾಸ್ತ್ರದ್ದು. ಎರಡೂ ಒಳ್ಳೆಯ ಪ್ರಶ್ನೆಗಳೇ. ಆ ವಯಸ್ಸಿನ ಬೇರೆ ಹುಡುಗರಿಗೂ ಇವು ಹೊಳೆದಿರಬಹುದಾದ್ದರಿಂದ ಉತ್ತರವನ್ನು ಎಲ್ಲರಿಗೂ ತಿಳಿಯುವಂತೆ ಬರೆಯುವುದು ಉಚಿತವೆಂದು ತೋರಿತು.

ಗರಡಿಯ ನಾಡಿನಲ್ಲಿ ಹೊರಗಿನ ಆಯುಧ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಗೆ ಅಂಗಸಾಧನೆ ಹೊಸದಲ್ಲ. ಅವಳಿ ವೀರರಾದ ಕೋಟಿ-ಚೆನ್ನಯರ ಗರಡಿಗಳು ತುಳುನಾಡಿನ ಉದ್ದಗಲಕ್ಕೂ ಇವೆ. ಇಂದು ಅವು ಆರಾಧನೆಯ ಸ್ಥಳಗಳು. ಆದರೆ ‘ಗರಡಿ’ ಎಂಬ ಮಾತಿನ ಮೂಲಾರ್ಥ ವ್ಯಾಯಾಮಶಾಲೆ ಎಂಬುದನ್ನು ವಾಚಕರು ಬಲ್ಲರು. ಕರಾವಳಿಯ ಮೆರವಣಿಗೆಗಳಲ್ಲಿ ‘ತಾಲೀಮು’ ಆಡುವವರು ಕೋಲು ತಿರುಗಿಸುವ ಚಾತುರ್ಯವನ್ನು ಇಂದಿಗೂ ಕಾಣಬಹುದು. ದಕ್ಷಿಣಕ್ಕೆ ಇಳಿದರೆ ಕಾಸರಗೋಡಿನಿಂದಾಚೆ ಕಳರಿಪಯಟ್ಟಿನ ಪರಂಪರೆ. ಅಲ್ಲಿ ‘ಉರುಮಿ’ ಎಂಬ ಬಳುಕುವ ಕತ್ತಿಯಿದೆ. ಅದನ್ನು ಸೊಂಟಕ್ಕೆ ಪಟ್ಟಿಯಂತೆ ಸುತ್ತಿಕೊಳ್ಳಬಹುದು. ಕಳರಿಯ ಪಾಠಕ್ರಮ ಗಮನಾರ್ಹವಾದುದು. ಮೊದಲು ದೇಹವನ್ನು ಪಳಗಿಸಬೇಕು. ಆಮೇಲೆ ಮರದ ಆಯುಧಗಳು. ತರುವಾಯ ಲೋಹದ ಆಯುಧಗಳು. ಉರುಮಿಯ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ, ಗುರುವಿಗೆ ನಂಬಿಕೆ ಹುಟ್ಟಿದ ಮೇಲೆ. ಬಳುಕುವ ಆಯುಧ ಗಟ್ಟಿ ಆಯುಧಕ್ಕಿಂತ ಹೆಚ್ಚಾಗಿ ತನ್ನ ಒಡೆಯನನ್ನೇ ಗಾಯಗೊಳಿಸಬಲ್ಲುದೆಂದು ಹಿಂದಿನವರು ಅನುಭವದಿಂದ ಕಂಡುಕೊಂಡಿದ್ದರು.

ನುಂಚಾಕು ಬಂದದ್ದು ದೂರದ ಒಕಿನಾವಾ ದ್ವೀಪದಿಂದ. ಅದು ಮೊದಲು ಧಾನ್ಯ ಬಡಿಯುವ ಕೃಷಿ ಉಪಕರಣವಾಗಿತ್ತೆಂದು ಪರಂಪರೆ ಹೇಳುತ್ತದೆ. ಚೀನದಲ್ಲಿ ಮೂರು ತುಂಡುಗಳ ದೊಣ್ಣೆ, ಒಂಬತ್ತು ತುಂಡುಗಳ ಉಕ್ಕಿನ ಚಾವಟಿ. ಜಪಾನಿನಲ್ಲಿ ಸರಪಳಿ ಕಟ್ಟಿದ ಕುಡುಗೋಲು. ಮಧ್ಯಯುಗದ ಯೂರೋಪಿನಲ್ಲಿ ಸರಪಳಿಗೆ ಬಿಗಿದ ಗದೆ – ಇವೆಲ್ಲ ಅದೇ ಕುಲಕ್ಕೆ ಸೇರಿದವು. ನುಂಚಾಕುವಿಗೆ ಜಗತ್ತಿನಾದ್ಯಂತ ಹೆಸರು ತಂದವನು ಬ್ರೂಸ್ ಲೀ. 1972 ಮತ್ತು 1973ರಲ್ಲಿ ತೆರೆಕಂಡ ಅವನ ಚಿತ್ರಗಳನ್ನು ನೋಡಿ ಸಾವಿರಾರು ಹುಡುಗರು ತಮ್ಮ ತಮ್ಮ ಅಂಗಳಗಳಲ್ಲಿ ಕೋಲು ತಿರುಗಿಸಲು ಹೊರಟರು. ಚಿತ್ರಮಂದಿರದ ಕೆಲಸವನ್ನು ಇಂದು ಕೈಯೊಳಗಿನ ದೂರವಾಣಿಯ ಚಿತ್ರಗಳು ಮಾಡುತ್ತಿವೆ. ಈ ಚಿತ್ರಗಳಲ್ಲಿ ಕಾಣುವುದು ಚಾತುರ್ಯ ಮಾತ್ರ. ಅದರ ಹಿಂದಿನ ವರ್ಷಗಳ ಅಭ್ಯಾಸವೂ ಅದರ ಲೆಕ್ಕಾಚಾರವೂ ಕಾಣುವುದಿಲ್ಲ.

ಕೋಲು ತಿರುಗುವಾಗ ಏನಾಗುತ್ತದೆ?

ಚಲಿಸುವ ವಸ್ತು ತನ್ನಷ್ಟಕ್ಕೆ ತಾನು ನೇರವಾಗಿಯೇ ಹೋಗಬಯಸುತ್ತದೆ. ಇದು ನ್ಯೂಟನ್ನನ ಮೊದಲನೆಯ ನಿಯಮ. ಅದನ್ನು ವೃತ್ತದಲ್ಲಿ ತಿರುಗಿಸಬೇಕಾದರೆ ಕ್ಷಣಕ್ಷಣವೂ ಒಳಕ್ಕೆ, ಎಂದರೆ ಕೇಂದ್ರದ ಕಡೆಗೆ, ಎಳೆಯುತ್ತಲೇ ಇರಬೇಕು. ಈ ಎಳೆತವೇ ಕೇಂದ್ರಾಭಿಮುಖ ಬಲ. ನಮ್ಮ ಉದಾಹರಣೆಯಲ್ಲಿ ಇದನ್ನು ಒದಗಿಸುವುದು ಸರಪಳಿ. ಸರಪಳಿ ತುಂಡಾದ ಕೂಡಲೇ ಎಳೆತ ನಿಲ್ಲುತ್ತದೆ. ಕೋಲು ವೃತ್ತದ ಸ್ಪರ್ಶರೇಖೆಯ ದಿಕ್ಕಿನಲ್ಲಿ, ಆ ಕ್ಷಣದಲ್ಲಿ ಅದಕ್ಕಿದ್ದ ವೇಗದಿಂದಲೇ ಹೊರಟುಹೋಗುತ್ತದೆ. ಹಕ್ಕಿಗಳನ್ನು ಓಡಿಸಲು ರೈತನು ಬೀಸುವ ಕವಣೆಯಲ್ಲಿ ನಡೆಯುವುದೂ ಇದೇ. ಭೇದವಿಷ್ಟೆ: ಕವಣೆಯವನು ಕಲ್ಲನ್ನು ಬಿಡಬೇಕಾದ ಕ್ಷಣವನ್ನು ತಾನೇ ಆರಿಸಿಕೊಳ್ಳುತ್ತಾನೆ, ತುಂಡಾಗುವ ಸರಪಳಿ ಯಾರನ್ನೂ ಕೇಳುವುದಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಕೋಲಿನ ಉದ್ದ 30 ಸೆಂಟಿಮೀಟರ್, ತೂಕ 200 ಗ್ರಾಂ, ಸರಪಳಿ 10 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಕೈ ಸರಪಳಿಯ ಬುಡದಲ್ಲೇ ಇದ್ದರೆ, ಹೊರಗಿನ ಕೋಲಿನ ಗುರುತ್ವಕೇಂದ್ರ ಕೈಯಿಂದ 25 ಸೆಂಟಿಮೀಟರ್ ದೂರದಲ್ಲಿಯೂ ಅದರ ತುದಿ 40 ಸೆಂಟಿಮೀಟರ್ ದೂರದಲ್ಲಿಯೂ ತಿರುಗುತ್ತವೆ. ಸೆಕೆಂಡಿಗೆ ಮೂರು ಸುತ್ತು ತಿರುಗಿಸಿದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 7.5 ಮೀಟರ್. ಆಗ ಸರಪಳಿಯ ಮೇಲಿನ ಎಳೆತ ಸುಮಾರು 18 ನ್ಯೂಟನ್, ಎಂದರೆ ಕೋಲಿನ ತೂಕದ ಒಂಬತ್ತರಷ್ಟು.

ಉತ್ಸಾಹ ಏರಿ ಹುಡುಗನು ಸೆಕೆಂಡಿಗೆ ಆರು ಸುತ್ತು ತಿರುಗಿಸತೊಡಗಿದನೆನ್ನಿ. ಸುತ್ತುಗಳು ಎರಡರಷ್ಟಾದವು; ಎಳೆತವೂ ಎರಡರಷ್ಟಾಗುತ್ತದೆಯೆ? ಇಲ್ಲ. ಬಲವು ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ನಾಲ್ಕರಷ್ಟಾಗುತ್ತದೆ: ಸುಮಾರು 71 ನ್ಯೂಟನ್, ಕೋಲಿನ ತೂಕದ 36ರಷ್ಟು. ತುದಿಯ ವೇಗ ಸೆಕೆಂಡಿಗೆ 15 ಮೀಟರ್, ಎಂದರೆ ಗಂಟೆಗೆ 54 ಕಿಲೋಮೀಟರ್. ಬಿ.ಸಿ. ರೋಡಿನಿಂದ ಹೊರಟ ಬಸ್ಸು ಒಳ್ಳೆಯ ರಸ್ತೆಯಲ್ಲಿ ಹೋಗುವ ವೇಗ ಅದು. “ಸ್ವಲ್ಪ ಜೋರು ಮಾಡಿದೆ, ಅಷ್ಟೆ” ಎಂದು ಹುಡುಗನು ಹೇಳಿದ್ದ ‘ಸ್ವಲ್ಪ’ದ ಬೆಲೆ ಇದು.

ಹೊರಟ ಕೋಲಿನ ಗುರುತ್ವಕೇಂದ್ರಕ್ಕೆ ಆಗ ಸೆಕೆಂಡಿಗೆ 9.4 ಮೀಟರ್ ವೇಗವಿರುತ್ತದೆ. ಓರೆಯಾಗಿ ಮೇಲಕ್ಕೆ ಹೊರಟರೆ ಅದು ಸುಮಾರು ಹತ್ತು ಮೀಟರ್ ದೂರದವರೆಗೂ ಹೋಗಿ ಬೀಳಬಲ್ಲುದು. ಮಾರನೆಯ ದಿನ ನಾವು ಅಳೆದಾಗ ಹುಡುಗ ನಿಂತಿದ್ದ ಸ್ಥಳಕ್ಕೂ ಹಟ್ಟಿಯ ಮಾಡಿನ ಅಂಚಿಗೂ ಇದ್ದ ದೂರ ಹತ್ತು ಹೆಜ್ಜೆ, ಏಳು ಮೀಟರಿನಷ್ಟು. ಲೆಕ್ಕ ಸುಳ್ಳು ಹೇಳಲಿಲ್ಲ.

ಕೋಲು ಹೊತ್ತುಕೊಂಡು ಹೋದ ಚಲನಶಕ್ತಿ, ಅದರ ಹೊರಳಾಟವನ್ನೂ ಸೇರಿಸಿದರೆ, ಸುಮಾರು 10 ಜೌಲ್. ಒಂದು ಕಿಲೋಗ್ರಾಂ ತೂಕದ ತೆಂಗಿನಕಾಯಿ ಒಂದು ಮೀಟರ್ ಎತ್ತರದಿಂದ ತಲೆಯ ಮೇಲೆ ಬಿದ್ದರೆ ಎಷ್ಟೋ ಅಷ್ಟು. ಕೋಲಿನ ಬದಲು ಕಬ್ಬಿಣದ ಕೊಳವೆಯನ್ನು ಕಟ್ಟಿ ತೂಕವನ್ನು ಮೂರರಷ್ಟು ಮಾಡಿದರೆ, ಅದೇ ವೇಗಕ್ಕೆ ಶಕ್ತಿಯೂ ಮೂರರಷ್ಟಾಗುತ್ತದೆ.

ಎರಡು ಕೀಲುಗಳ ಲೋಲಕ

ಒಂದು ಕೋಲಿನಿಂದ ಹೊಡೆಯುವುದಕ್ಕೂ ಸರಪಳಿಯಿಂದ ಜೋಡಿಸಿದ ಎರಡು ಕೋಲುಗಳಿಂದ ಹೊಡೆಯುವುದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಕೈ ಚಲಿಸಿ ತಟ್ಟನೆ ನಿಂತಾಗ ಒಳಗಿನ ಕೋಲಿನ ಶಕ್ತಿ ಸರಪಳಿಯ ಮೂಲಕ ಹೊರಗಿನ ಕೋಲಿಗೆ ಸಾಗುತ್ತದೆ; ಅದು ಕೈಗಿಂತ ಎಷ್ಟೋ ಹೆಚ್ಚು ವೇಗದಿಂದ ಮುಂದಕ್ಕೆ ಚಿಮ್ಮುತ್ತದೆ. ಇದೇ ತತ್ತ್ವದ ಪರಾಕಾಷ್ಠೆಯನ್ನು ಚಾವಟಿಯಲ್ಲಿ ಕಾಣುತ್ತೇವೆ. ಬಯಲುಸೀಮೆಯ ಊರುಗಳಲ್ಲಿ ದುರುಗಮುರುಗಿಯವರು ಬೀಸುವ ಚಾವಟಿಯ ಸಿಡಿತವನ್ನು ಕೇಳಿದವರಿಗೆ ಅದು ಗೊತ್ತು. ಬುಡದಲ್ಲಿ ದಪ್ಪಗಿದ್ದು ತುದಿಗೆ ಹೋದಂತೆ ಸಣ್ಣಗಾಗುವ ಚಾವಟಿಯಲ್ಲಿ ಅಲೆ ಮುಂದುವರಿದಂತೆ ಚಲಿಸುವ ಭಾಗದ ತೂಕ ಕಡಮೆಯಾಗಿ ವೇಗ ಹೆಚ್ಚುತ್ತದೆ. ಕೊನೆಗೆ ತುದಿ ಶಬ್ದದ ವೇಗವನ್ನೇ, ಎಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು, ಮೀರುತ್ತದೆ. ಸಿಡಿಯುವ ಸದ್ದು ಆ ಆಘಾತತರಂಗದ್ದು. ಬರ್ನ್‌ಸ್ಟೀನ್, ಹಾಲ್ ಮತ್ತು ಟ್ರೆಂಟ್ ಎಂಬ ವಿಜ್ಞಾನಿಗಳು 1958ರಲ್ಲಿ ಚಾವಟಿಯ ಈ ಚಲನೆಯ ಅಧ್ಯಯನವನ್ನು ಪ್ರಕಟಿಸಿದರು.

ನುಂಚಾಕು ಶಬ್ದದ ವೇಗದ ಸಮೀಪಕ್ಕೂ ಬರುವುದಿಲ್ಲ. ಅದರ ಅಪಾಯ ಬೇರೆ ಬಗೆಯದು. ಒಂದು ಲೋಲಕದ ತುದಿಗೆ ಇನ್ನೊಂದು ಲೋಲಕವನ್ನು ತೂಗಿಬಿಟ್ಟರೆ ಅದಕ್ಕೆ ಜೋಡಿ ಲೋಲಕವೆಂದು ಹೆಸರು. ಒಂಟಿ ಲೋಲಕದಷ್ಟು ಶಿಸ್ತಿನದು ಇನ್ನೊಂದಿಲ್ಲ. ಗಡಿಯಾರವನ್ನೇ ಅದರ ಮೇಲೆ ನಂಬಿ ಬಿಡಬಹುದು. ಜೋಡಿ ಲೋಲಕವಾದರೋ ದೊಡ್ಡ ತೂಗಾಟಗಳಲ್ಲಿ ಯಾವ ನಿಯಮಕ್ಕೂ ಸಿಕ್ಕದ ಹಾಗೆ ಕುಣಿಯುತ್ತದೆ. ವಾಸ್ತವವಾಗಿ ಅದೂ ನ್ಯೂಟನ್ನನ ನಿಯಮಗಳಿಗೆ ಅಧೀನವೇ; ಆದರೆ ಆರಂಭದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕೆಲವೇ ಕ್ಷಣಗಳಲ್ಲಿ ಅದರ ದಾರಿ ಪೂರ್ತಿ ಬದಲಾಗುತ್ತದೆ. ಹೀಗಾಗಿ ಎರಡು ಕೋಲುಗಳ ಆಯುಧವು ಏನಕ್ಕಾದರೂ ತಗಲಿ ಹಿಮ್ಮೆಟ್ಟಿದಾಗ ಎಲ್ಲಿಗೆ ಬರುತ್ತದೆಂದು ಹೇಳುವುದು ಕಷ್ಟ. ಅಭ್ಯಾಸ ಮಾಡುವವನ ತಲೆ, ಹಲ್ಲು, ಮೊಣಕೈಗಳೇ ಅದಕ್ಕೆ ಅತಿ ಸಮೀಪದ ಗುರಿಗಳು.

ಇನ್ನೂ ಒಂದು ಸಂಗತಿಯಿದೆ. ಗಟ್ಟಿ ಕೋಲಿನಿಂದ ಹೊಡೆದಾಗ ಪೆಟ್ಟಿನ ಪ್ರತಿಕ್ರಿಯೆ ನೇರವಾಗಿ ಹೊಡೆದವನ ಕೈಗೂ ತಟ್ಟುತ್ತದೆ. ತಾನು ಎಷ್ಟು ಬಲವಾಗಿ ಹೊಡೆದೆನೆಂದು ಅವನಿಗೆ ಗೊತ್ತಾಗುತ್ತದೆ. ಸರಪಳಿಯು ಎಳೆತವನ್ನು ಮಾತ್ರ ಸಾಗಿಸಬಲ್ಲುದು, ಒತ್ತಡವನ್ನಲ್ಲ. ಆದ್ದರಿಂದ ಆ ಎಚ್ಚರಿಕೆ ಕೈಗೆ ತಲಪುವುದಿಲ್ಲ. ಹೊಡೆದವನಿಗೆ ಪೆಟ್ಟು ಹಗುರವೆನಿಸುತ್ತದೆ, ತಿಂದವನಿಗಲ್ಲ.

ನಾಯಿ ಎಳೆದರೂ ತುಂಡಾಗದ ಸರಪಳಿ

ಈಗ ಹುಡುಗನ ಆಕ್ಷೇಪಕ್ಕೆ ಬರೋಣ. 71 ನ್ಯೂಟನ್ ಎಂದರೆ ಏಳು ಕಿಲೋಗ್ರಾಂ ತೂಗುಹಾಕಿದಷ್ಟು ಭಾರ. ಬಲವಾದ ನಾಯಿ ಅದಕ್ಕಿಂತ ಹೆಚ್ಚು ಎಳೆಯಬಲ್ಲುದು. ಹಾಗಿದ್ದರೆ ಸರಪಳಿ ಸೋತದ್ದೇಕೆ?

ಮೊದಲನೆಯ ಕಾರಣ ಜಗ್ಗಾಟ. ತಿರುಗುತ್ತಿರುವ ಕೋಲನ್ನು ತಟ್ಟನೆ ತಡೆದು ದಿಕ್ಕು ಬದಲಿಸುವುದೇ ಈ ಆಟದ ಜೀವಾಳ. 200 ಗ್ರಾಂ ಕೋಲು ಸೆಕೆಂಡಿಗೆ 9.4 ಮೀಟರ್ ವೇಗದಲ್ಲಿದ್ದು, ಒಂದು ಸೆಕೆಂಡಿನ ಇನ್ನೂರನೆಯ ಒಂದು ಭಾಗದಲ್ಲಿ ಸರಪಳಿಯು ಅದನ್ನು ನಿಲ್ಲಿಸಬೇಕಾಯಿತೆನ್ನಿ. ಆಗ ಸರಾಸರಿ ಬಲ 375 ನ್ಯೂಟನ್ನಿಗೂ ಮೇಲೆ ಏರುತ್ತದೆ. ಅದು 38 ಕಿಲೋಗ್ರಾಂ ತೂಕಕ್ಕೆ ಸಮ.

ಎರಡನೆಯದು ಲೋಹದ ದಣಿವು. ಒಂದೇ ಸಲ ಹೇರಿದರೆ ತಾಳಿಕೊಳ್ಳುವ ಭಾರವನ್ನು ಸಾವಿರಾರು ಸಲ ಹೇರಿ ಇಳಿಸಿದರೆ ಲೋಹ ತಾಳಿಕೊಳ್ಳಲಾರದು. ಕಣ್ಣಿಗೆ ಕಾಣದ ಸೀಳೊಂದು ಹುಟ್ಟಿ, ಸಲಸಲಕ್ಕೂ ಬೆಳೆದು, ಕೊನೆಗೊಮ್ಮೆ ತುಂಡಾಗುತ್ತದೆ. ಸೋಜಿಗದ ಸಂಗತಿಯೆಂದರೆ, ಲೋಹದ ದಣಿವಿನ ಬಗ್ಗೆ ನಡೆದ ಮೊತ್ತಮೊದಲಿನ ಪರೀಕ್ಷೆಗಳು ಸರಪಳಿಗಳ ಮೇಲೆಯೇ ನಡೆದವು. ಜರ್ಮನಿಯ ಕ್ಲೌಸ್ಟಾಲ್ ಗಣಿಗಳಲ್ಲಿ ಅಧಿಕಾರಿಯಾಗಿದ್ದ ವಿಲ್ಹೆಲ್ಮ್ ಆಲ್ಬರ್ಟನು ಅದಿರನ್ನು ಮೇಲೆತ್ತುವ ಕಬ್ಬಿಣದ ಸರಪಳಿಗಳು ಮತ್ತೆ ಮತ್ತೆ ತುಂಡಾಗುವುದನ್ನು ಕಂಡು, 1829ರ ಸುಮಾರಿಗೆ ಅವುಗಳ ಮೇಲೆ ಪುನಃಪುನಃ ಭಾರ ಹೇರುವ ಪ್ರಯೋಗ ನಡೆಸಿದ. ಕೊನೆಗೆ ಸರಪಳಿಯನ್ನೇ ಕೈಬಿಟ್ಟು, 1834ರಲ್ಲಿ ಕಬ್ಬಿಣದ ತಂತಿಗಳನ್ನು ಹೊಸೆದ ಹಗ್ಗವನ್ನು ರೂಪಿಸಿದ. ತಂತಿಹಗ್ಗದಲ್ಲಿ ಒಂದು ಎಳೆ ಹೋದರೂ ಉಳಿದವು ಹಿಡಿದಿರುತ್ತವೆ. ಸರಪಳಿಯಲ್ಲಿ ಒಂದು ಕೊಂಡಿ ಹೋದರೆ ಎಲ್ಲವೂ ಹೋಯಿತು. ಸೆಕೆಂಡಿಗೆ ಆರು ಸುತ್ತಿನಂತೆ ಹತ್ತು ನಿಮಿಷ ಆಡಿದರೆ 3,600 ಸುತ್ತು. ಒಂದು ತಿಂಗಳ ಅಭ್ಯಾಸದಲ್ಲಿ ಎಷ್ಟಾಗುವುದೆಂದು ವಾಚಕರೇ ಗುಣಿಸಿಕೊಳ್ಳಬಹುದು.

ಮೂರನೆಯದು ನಮ್ಮ ಊರಿನ ಹವೆ. ಪಶ್ಚಿಮಘಟ್ಟದ ಬುಡದ ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಮಳೆಗಾಲದಲ್ಲಿ ಮರ ನೀರುಂಡು ಉಬ್ಬುತ್ತದೆ, ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ. ಅದರೊಳಗಿನ ಮೊಳೆ ಸಡಿಲವಾಗುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿದು ಅಲ್ಲಲ್ಲಿ ಸಣ್ಣ ಕುಳಿಗಳು ಬೀಳುತ್ತವೆ. ದಣಿವಿನ ಸೀಳು ಮೊಳೆಯುವುದು ಇಂಥ ಕುಳಿಗಳಲ್ಲೇ. ನಾವು ಹುಡುಕಿ ತಂದ ಸರಪಳಿಯ ತುಂಡನ್ನು ಬೂದುಗಾಜಿನಡಿ ಹಿಡಿದು ನೋಡಿದೆವು. ಕೊನೆಯ ಕೊಂಡಿಯನ್ನು ಬೆಸೆದಿರಲಿಲ್ಲ. ತಂತಿಯನ್ನು ಬಗ್ಗಿಸಿ ಬಾಯಿ ಕೂಡಿಸಿದ್ದರು, ಅಷ್ಟೆ. ಆ ಬಾಯಿ ತೆರೆದಿತ್ತು, ಒಳಮೈ ತುಕ್ಕಿನಿಂದ ಕೆಂಪಾಗಿತ್ತು. ಸರಪಳಿಯ ಬಲವೆಲ್ಲ ಅದರ ಅತಿ ದುರ್ಬಲ ಕೊಂಡಿಯ ಬಲಕ್ಕಿಂತ ಹೆಚ್ಚಿಲ್ಲ. ಮನೆಯಲ್ಲಿ ಕೂಡಿಸಿದ ಸಾಧನದಲ್ಲಿ ಆ ಕೊಂಡಿ ಯಾವುದೆಂದು ಅದು ಕಳಚಿಕೊಂಡ ಮೇಲೆಯೇ ತಿಳಿಯುವುದು.

ಪೆಟ್ಟು ಬಿದ್ದಾಗ

ಹತ್ತು ಜೌಲ್ ದೊಡ್ಡದೇನೂ ಅಲ್ಲವೆಂದು ಕೆಲವರು ಹೇಳಬಹುದು. ಗಂಟೆಗೆ 100 ಕಿಲೋಮೀಟರ್ ವೇಗದ ಕ್ರಿಕೆಟ್ ಚೆಂಡಿನಲ್ಲಿ 60 ಜೌಲಿಗೂ ಮಿಕ್ಕ ಶಕ್ತಿಯಿದೆ. ನಿಜ. ಆದರೆ ಅದನ್ನು ಎದುರಿಸುವ ಆಟಗಾರನು ತಲೆಗೆ ಶಿರಸ್ತ್ರಾಣ, ಕಾಲಿಗೆ ಪ್ಯಾಡು, ಕೈಗೆ ಗ್ಲೌಸು ತೊಟ್ಟಿರುತ್ತಾನೆ; ಚೆಂಡು ಬರುವ ದಿಕ್ಕೂ ಅವನಿಗೆ ಗೊತ್ತು. ಅಂಗಳದಲ್ಲಿ ನಡೆದುಹೋಗುವ ತಂಗಿಗೆ ಇವೊಂದೂ ಇಲ್ಲ.

ಶಕ್ತಿಯ ಮೊತ್ತಕ್ಕಿಂತಲೂ ಮುಖ್ಯವಾದುದು ಅದು ಎಷ್ಟು ದೂರದಲ್ಲಿ, ಎಷ್ಟು ವಿಸ್ತಾರದ ಮೇಲೆ ವ್ಯಯವಾಗುತ್ತದೆಂಬುದು. ಮಾಂಸಲವಾದ ತೊಡೆಯಲ್ಲಿ ಪೆಟ್ಟು ಹಲವು ಸೆಂಟಿಮೀಟರುಗಳಷ್ಟು ಒಳಕ್ಕೆ ಇಳಿದು ಮೆತ್ತಗಾಗುತ್ತದೆ. ತಲೆಬುರುಡೆಯ ಮೇಲೆ ಹಾಗಿಲ್ಲ. ಐದು ಮಿಲಿಮೀಟರಿನೊಳಗೆ ಹತ್ತು ಜೌಲ್ ವ್ಯಯವಾಗಬೇಕಾದರೆ ಸರಾಸರಿ ಬಲ 2,000 ನ್ಯೂಟನ್, ಎಂದರೆ 200 ಕಿಲೋಗ್ರಾಂ ತೂಕದಷ್ಟು. ಕೋಲಿನ ದುಂಡು ತುದಿ ಅದನ್ನು ಒಂದು ನಾಣ್ಯದ ಅಗಲದ ಮೇಲೆ ಒತ್ತುತ್ತದೆ. ಕಣ್ಣಿನ ವಿಷಯವನ್ನಂತೂ ಹೇಳಬೇಕಾದ್ದೇ ಇಲ್ಲ. ಒಡೆದ ಹೆಂಚನ್ನು ಬದಲಾಯಿಸಬಹುದು, ಕಣ್ಣನ್ನು ಬದಲಾಯಿಸಲಾಗದು. ತಲೆಗೆ ಪೆಟ್ಟು ಬಿದ್ದು ಆಮೇಲೆ ವಾಂತಿ, ಮಂಕು, ವಿಪರೀತ ನಿದ್ದೆ ತೋರಿದರೆ, ಗಾಯ ಕಾಣದಿದ್ದರೂ ತಡಮಾಡದೆ ಆಸ್ಪತ್ರೆಗೆ ಕೊಂಡೊಯ್ಯಬೇಕೆಂಬುದನ್ನು ಎಲ್ಲರೂ ನೆನಪಿಡುವುದು ಲೇಸು.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಆಯುಧಗಳನ್ನು ಕುರಿತ ಮೂಲ ಕಾನೂನು 1959ರ ಆಯುಧ ಕಾಯಿದೆ. ಇದು 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಆಕ್ರಮಣಕ್ಕೆ ಅಥವಾ ರಕ್ಷಣೆಗೆ ಆಯುಧವಾಗಿ ರಚಿಸಿದ ಇಲ್ಲವೆ ಮಾರ್ಪಡಿಸಿದ ಯಾವ ಬಗೆಯ ವಸ್ತುವನ್ನಾದರೂ ಅದು ‘ಆಯುಧ’ವೆಂದು ಕರೆಯುತ್ತದೆ. ಕೇವಲ ಗೃಹಕೃತ್ಯಕ್ಕೆ ಅಥವಾ ಕೃಷಿಗೆ ರಚಿತವಾದ ವಸ್ತುಗಳನ್ನು ಇದರಿಂದ ಹೊರಗಿಟ್ಟಿದೆ. ಲಾಠಿಯನ್ನೂ ಸಾಮಾನ್ಯ ಊರುಗೋಲನ್ನೂ ಹೆಸರಿಸಿಯೇ ಬಿಟ್ಟಿದೆ. ಆಟಿಕೆಯಲ್ಲದೆ ಬೇರೇನೂ ಆಗಲಾರದ ವಸ್ತುಗಳಿಗೂ ವಿನಾಯಿತಿಯುಂಟು. ಇಲ್ಲಿ ಒಂದು ಸೂಕ್ಷ್ಮವಿದೆ. ಹಾರೆಯ ಕಾವು ಹಾರೆಯಲ್ಲಿರುವವರೆಗೆ ಕೃಷಿಯ ಉಪಕರಣ; ನಾಯಿಸರಪಳಿ ನಾಯಿಯ ಕೊರಳಲ್ಲಿರುವವರೆಗೆ ಮನೆಯ ವಸ್ತು. ಇವೆರಡನ್ನೂ ಕೊಯ್ದು ಕೂಡಿಸಿ ಹೋರಾಟದ ಸಾಧನವನ್ನಾಗಿ ಮಾಡಿದಾಗ ‘ಮಾರ್ಪಡಿಸಿದ’ ಎಂಬ ಮಾತಿನ ವ್ಯಾಪ್ತಿಯೊಳಕ್ಕೆ ನಾವು ಕಾಲಿಟ್ಟಂತಾಯಿತು.

ಹಾಗೆಂದು ಎಲ್ಲ ಆಯುಧಕ್ಕೂ ಎಲ್ಲೆಡೆಯೂ ಪರವಾನಗಿ ಬೇಕೆಂದಲ್ಲ. ಯಾವ ವರ್ಗದ ಆಯುಧಕ್ಕೆ ಯಾವ ನಿರ್ಬಂಧವೆಂಬುದನ್ನು ನಿಯಮಗಳು ಗೊತ್ತುಪಡಿಸುತ್ತವೆ. ಈಗ ಜಾರಿಯಲ್ಲಿರುವ 2016ರ ನಿಯಮಗಳ ಪಟ್ಟಿಯ ಐದನೆಯ ವರ್ಗದಲ್ಲಿ ಬಂದೂಕುಗಳಲ್ಲದ ಆಯುಧಗಳಿವೆ: ಕತ್ತಿ, ಕಠಾರಿ, ಭರ್ಜಿ, ಒಂಬತ್ತು ಅಂಗುಲಕ್ಕಿಂತ ಉದ್ದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗಿನ ಚೂರಿಗಳು, ಉಕ್ಕಿನ ದಂಡ ಮೊದಲಾದವು. ಸರಪಳಿಯ ಕೋಲಿನ ಹೆಸರು ಅಲ್ಲಿಲ್ಲ. ಆದರೆ “ಹೆಸರಿಲ್ಲ, ಆದ್ದರಿಂದ ತೊಂದರೆಯಿಲ್ಲ” ಎಂದು ತೀರ್ಮಾನಿಸುವುದು ದುಡುಕು. ಪಟ್ಟಿಯಲ್ಲಿ ‘ಅಂಥ ಇತರ ಆಯುಧಗಳು’ ಎಂಬ ಮಾತೂ ಇದೆ. ಅಲಗು ಸೇರಿಸಿದರೆ, ಉಕ್ಕಿನ ದಂಡ ಕಟ್ಟಿದರೆ, ಮಾಡಿ ಮಾರಲು ಹೊರಟರೆ ವಿಷಯ ಮತ್ತಷ್ಟು ಗಂಭೀರವಾಗುತ್ತದೆ.

ಇದಲ್ಲದೆ ಕಾಲ ಮತ್ತು ಸ್ಥಳದ ಪ್ರಶ್ನೆಯೂ ಉಂಟು. ಶಾಂತಿಗೆ ಭಂಗ ಬರುವ ಭಯವಿರುವಲ್ಲಿ ಆಯುಧಗಳನ್ನಷ್ಟೇ ಅಲ್ಲ, ದೊಣ್ಣೆ ಕೋಲುಗಳನ್ನು ಹಿಡಿದು ತಿರುಗುವುದನ್ನೂ ನಿಷೇಧಿಸುವ ಅಧಿಕಾರವನ್ನು 1963ರ ಕರ್ನಾಟಕ ಪೊಲೀಸ್ ಕಾಯಿದೆ ಕೊಡುತ್ತದೆ. ಹಿಂದೆ ‘144ನೆಯ ವಿಧಿ’ ಎಂದು ಹೆಸರಾಗಿದ್ದ ನಿಷೇಧಾಜ್ಞೆಯು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ವಿಧಿಯಾಗಿದೆ. ನಮ್ಮ ಸೀಮೆಗೆ ಇದು ಪುಸ್ತಕದ ಮಾತಲ್ಲ. 2017ರ ಬೇಸಗೆ-ಮಳೆಗಾಲಗಳಲ್ಲಿ ಬಂಟ್ವಾಳ ತಾಲ್ಲೂಕಿನಲ್ಲಿಯೂ, 2025ರ ಮೇ ಕೊನೆಯ ವಾರದಲ್ಲಿ ಬಂಟ್ವಾಳ, ಬೆಳ್ತಂಗಡಿಗಳೂ ಸೇರಿದಂತೆ ಜಿಲ್ಲೆಯ ಹಲವು ತಾಲ್ಲೂಕುಗಳಲ್ಲಿಯೂ ಇಂಥ ಆಜ್ಞೆ ಹೊರಟಿತ್ತು. ಮೂಡುಬಿದಿರೆಯ ಠಾಣೆಯು ಮಂಗಳೂರು ನಗರ ಪೊಲೀಸ್ ಕಮಿಷನರೇಟಿಗೆ ಸೇರಿದ್ದು, ಅಲ್ಲಿ ಆಜ್ಞೆ ಹೊರಡಿಸುವವರು ಕಮಿಷನರರು. ಅಂಥ ದಿನಗಳಲ್ಲಿ ಶಾಲೆಯ ಚೀಲದೊಳಗೆ ಸರಪಳಿಯ ಕೋಲನ್ನಿಟ್ಟುಕೊಂಡು ಬಸ್ಸು ಹತ್ತಿದ ಹುಡುಗನಿಗೆ ಅದು ಆಟದ ವಸ್ತು; ತಪಾಸಣೆ ಮಾಡುವ ಪೇದೆಗೆ ಅದು ಆಟದ ವಸ್ತುವಾಗಿ ಕಾಣಬೇಕಾಗಿಲ್ಲ. ಹುಡುಗನ ಮನಸ್ಸಿನೊಳಗೆ ಏನಿದೆಯೆಂದು ನೋಡುವ ಗಾಜು ಯಾವ ಠಾಣೆಯಲ್ಲಿಯೂ ಇಲ್ಲ.

ಪೆಟ್ಟು ಬಿದ್ದಮೇಲಂತೂ ವಸ್ತುವಿನ ಹೆಸರು ಮುಖ್ಯವೇ ಅಲ್ಲ. ಆಯುಧವಾಗಿ ಬಳಸಿದಾಗ ಸಾವು ತರಬಲ್ಲ ಯಾವ ಸಾಧನದಿಂದಲಾದರೂ ಬೇಕೆಂದು ಗಾಯಗೊಳಿಸಿದರೆ, ಭಾರತೀಯ ನ್ಯಾಯ ಸಂಹಿತೆಯ 118ನೆಯ ವಿಧಿಯಂತೆ ಮೂರು ವರ್ಷಗಳವರೆಗೆ ಕಾರಾಗೃಹ, ಇಲ್ಲವೆ 20,000 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ. ಗಾಯ ತೀವ್ರವಾದರೆ ಶಿಕ್ಷೆ ಒಂದು ವರ್ಷಕ್ಕೆ ಕಡಮೆಯಾಗುವಂತಿಲ್ಲ. ಉದ್ದೇಶವಿಲ್ಲದಿದ್ದರೂ ಬಿಡುಗಡೆಯಿಲ್ಲ: ಇತರರ ಜೀವಕ್ಕೆ ಅಪಾಯ ತರುವಷ್ಟು ದುಡುಕಿನಿಂದ ಅಥವಾ ಅಜಾಗರೂಕತೆಯಿಂದ ನಡೆದು ತೀವ್ರ ಗಾಯ ಮಾಡಿದರೆ 125ನೆಯ ವಿಧಿಯಡಿ ಮೂರು ವರ್ಷಗಳವರೆಗೆ ಶಿಕ್ಷೆಯುಂಟು. ಹದಿನೆಂಟು ತುಂಬದವರ ವಿಷಯ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. “ಆತ್ಮರಕ್ಷಣೆಗಾಗಿ ಇಟ್ಟುಕೊಂಡಿದ್ದೆ” ಎಂಬ ಉತ್ತರಕ್ಕೂ ಮಿತಿಯಿದೆ. ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕನ್ನು ಸಂಹಿತೆ ಯಾರಿಗೂ ಕೊಟ್ಟಿಲ್ಲ. ಎಷ್ಟು ಬಲವಾಗಿ ಹೊಡೆಯುತ್ತಿದ್ದೇನೆಂದು ಹೊಡೆದವನಿಗೇ ತಿಳಿಸದ ಆಯುಧದಿಂದ ಆ ಮಿತಿಯನ್ನು ಕಾಯ್ದುಕೊಳ್ಳುವುದು ಹೇಗೆ?

ಬೇರೆ ದೇಶಗಳ ಕಾನೂನುಗಳು ಬೇರೆ ಬೇರೆ. ನ್ಯೂಯಾರ್ಕ್ ರಾಜ್ಯವು 1974ರಲ್ಲಿ ನುಂಚಾಕುವನ್ನು ಪೂರ್ತಿಯಾಗಿ ನಿಷೇಧಿಸಿತು. 2018ರ ಡಿಸೆಂಬರಿನಲ್ಲಿ ಅಲ್ಲಿನ ನ್ಯಾಯಾಲಯವೊಂದು ಆ ನಿಷೇಧ ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಇಂಗ್ಲೆಂಡಿನಲ್ಲಿ 1988ರ ಆಜ್ಞೆಯೊಂದು ಸರಪಳಿ ಕಟ್ಟಿದ ಜಪಾನೀ ಆಯುಧಗಳನ್ನು ಹೆಸರಿಸಿ ಅವುಗಳ ತಯಾರಿಕೆ, ಮಾರಾಟಗಳನ್ನು ತಡೆಯಿತು. ಕೆನಡಾದಲ್ಲಿ ನುಂಚಾಕು ನಿಷಿದ್ಧ ಆಯುಧ. ಆದ್ದರಿಂದ ಹೊರದೇಶದ ಚಿತ್ರವೊಂದರಲ್ಲಿ “ಇದಕ್ಕೆ ಅಡ್ಡಿಯಿಲ್ಲ” ಎಂದು ಹೇಳಿದುದನ್ನು ನಂಬಿ ಬಂಟ್ವಾಳದ ಪೇಟೆಯಲ್ಲಿ ನಡೆಯಲಾಗದು.

ನಿರಪಾಯದ ಪ್ರಯೋಗ

ಹಾಗಾದರೆ ತಿರುಗುವ ವಸ್ತುವಿನ ಸೊಬಗನ್ನು ಹುಡುಗರು ಅನುಭವಿಸುವುದೇ ಬೇಡವೆ? ಖಂಡಿತ ಬೇಕು. ಮಾರನೆಯ ದಿನ ನಾವು ಮಾಡಿದ ಪ್ರಯೋಗವನ್ನು ಯಾರಾದರೂ ಮಾಡಬಹುದು. ಬರೆಯುವ ಲೇಖನಿಯ ಖಾಲಿ ಕೊಳವೆಯೊಂದನ್ನು ತೆಗೆದುಕೊಂಡು, ಅದರ ಅಂಚುಗಳನ್ನು ನಯಮಾಡಿ, ಅದರೊಳಗಿಂದ ಗಟ್ಟಿಯಾದ ನೂಲನ್ನು ಪೋಣಿಸಿ. ಮೇಲಿನ ತುದಿಗೆ ಸಣ್ಣ ರಬ್ಬರಿನ ತುಂಡು, ಕೆಳಗಿನ ತುದಿಗೆ ಅದರ ಒಂಬತ್ತರಷ್ಟು ತೂಕದ ಲೋಹದ ಬಿಲ್ಲೆಗಳು. ಕೊಳವೆಯನ್ನು ಹಿಡಿದು, ರಬ್ಬರು ತಲೆಯ ಮೇಲೆ ಅಡ್ಡವಾಗಿ ಸುತ್ತುವಂತೆ ತಿರುಗಿಸಿ. ರಬ್ಬರಿಗೂ ಕೊಳವೆಗೂ ನಡುವೆ 25 ಸೆಂಟಿಮೀಟರ್ ನೂಲು ಉಳಿದು ಬಿಲ್ಲೆಗಳು ಏರದೆ ಇಳಿಯದೆ ನಿಂತಾಗ ಸೆಕೆಂಡಿಗೆ ಎಷ್ಟು ಸುತ್ತೆಂದು ಎಣಿಸಿ; ಮೂರರ ಸಮೀಪ ಬರಬೇಕು. ಬಿಲ್ಲೆಗಳನ್ನು ನಾಲ್ಕರಷ್ಟು ಮಾಡಿದರೆ ಅದೇ ನೂಲಿನ ಉದ್ದಕ್ಕೆ ಸುತ್ತು ಎರಡರಷ್ಟಾಗಬೇಕು. ಬಯಲಿನಲ್ಲಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಇತರರನ್ನು ದೂರ ನಿಲ್ಲಿಸಿ ಮಾಡಿರಿ. ನೂಲು ತುಂಡಾದರೂ ಹಾರುವುದು ಕೆಲವು ಗ್ರಾಂ ರಬ್ಬರು ಮಾತ್ರ.

ಯುದ್ಧಕಲೆಯನ್ನೇ ಕಲಿಯಬೇಕೆಂಬ ಆಸೆಯಿದ್ದವರು ಒಬ್ಬ ಶಿಕ್ಷಕರ ಬಳಿಗೆ ಹೋಗಲಿ. ಅಲ್ಲಿ ಆರಂಭದ ಸಾಧನ ಸ್ಪಂಜು ಸುತ್ತಿದ ಹಗುರವಾದ ಕೋಲು. ಮೈಗೆ ತಗಲಿದರೂ ನಗು ಬರುವುದೇ ಹೊರತು ಅಳುವಲ್ಲ. ಅಭ್ಯಾಸದ ಸಾಧನ ಅಭ್ಯಾಸದ ಮನೆಯಲ್ಲೇ ಇರಲಿ. ಬಸ್ಸಿಗೂ ಶಾಲೆಗೂ ಜಾತ್ರೆಗೂ ಬರುವುದು ಬೇಡ. ಹಿಂದಿನ ಗರಡಿಗಳಲ್ಲಿ ಗುರುವಿನ ಕಣ್ಣೆದುರಿಗಲ್ಲದೆ ಆಯುಧ ಕೈಗೆ ಬರುತ್ತಿರಲಿಲ್ಲವೆಂಬ ನಡವಳಿಕೆಯ ಅರ್ಥವೂ ಇದೇ ಅಲ್ಲವೆ?

ನಾನು ಹೊರಡುವ ದಿನ ಹುಡುಗ ಏಣಿ ಹಾಕಿಕೊಂಡು ಹಟ್ಟಿಯ ಮಾಡಿಗೆ ಹೊಸ ಹೆಂಚು ಹೊದೆಸುತ್ತಿದ್ದ. ಕೆಳಗೆ ನಿಂತು ಏಣಿ ಹಿಡಿದಿದ್ದವಳು ಅವನ ತಂಗಿ. ಒಡೆದ ಹೆಂಚಿನ ಒಂದು ಚೂರನ್ನು ಅವನು ತನ್ನ ಓದುವ ಮೇಜಿನ ಮೇಲೆ ಇಟ್ಟುಕೊಂಡಿದ್ದಾನೆಂದು ಅಕ್ಕ ಆಮೇಲೆ ಪತ್ರದಲ್ಲಿ ಬರೆದಿದ್ದಳು.